ಖಾಲಿ ಕರಡಿಗೆ

(ಗುರುತು ಸಿಗದಂತೆ ಕಸುಬು, ಮನೆಯ ವಿವರ ಬದಲಿಸಿದ್ದೇನೆ.)

ಉತ್ತರ ಕರ್ನಾಟಕದ ಸಣ್ಣ ಪೇಟೆಯ ಬಟ್ಟೆ ವ್ಯಾಪಾರಿ, ವಯಸ್ಸು 56. ನಸುಕಿನ ನಾಲ್ಕೂವರೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂದು ಸಲಹೆಗೆ ನನ್ನ ಬಳಿ ಬಂದಿದ್ದರು. ನಲವತ್ತು ವರ್ಷ ಲಿಂಗಪೂಜೆಗೆ ಏಳುತ್ತಿದ್ದ ಹೊತ್ತು ಅದು. ಪೂಜೆ ಮುಗಿಯದೆ ಬಾಯಿಗೆ ನೀರೂ ಹಾಕದವರು. 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತಮ್ಮ ತೀರಿಕೊಂಡ ಮೇಲೆ ಇಷ್ಟಲಿಂಗವನ್ನು ಅಂಗಡಿಯ ತಿಜೋರಿಯಲ್ಲಿಟ್ಟು ಬೀಗ ಹಾಕಿದ್ದಾರೆ. ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಪುಟ್ಟ ಬೆಳ್ಳಿ ಡಬ್ಬಿ, ಅಂದರೆ ಕರಡಿಗೆ ಮಾತ್ರ ಇದೆ, ಖಾಲಿ. ಎಂಬತ್ತು ದಾಟಿದ ಅವ್ವನಿಗೆ ತಿಳಿಯಬಾರದೆಂದು ಈಗಲೂ ದೇವರ ಕೋಣೆಯ ಬಾಗಿಲು ಮುಚ್ಚಿಕೊಂಡು ಮುಕ್ಕಾಲು ಗಂಟೆ ಸುಮ್ಮನೆ ಕೂರುತ್ತಾರೆ.

ಮೊದಲ ಭೇಟಿಯಲ್ಲಿ ನಾನು ಎಡವಿದೆ. ಸಾವಿನ ದುಃಖವೆಂದುಕೊಂಡು ತಮ್ಮನ ಬಗ್ಗೆಯೇ ಕೇಳುತ್ತ ಹೋದೆ. ಅವರಿಗೆ ಸಿಟ್ಟು ಬಂತು. "ಅದು ಬ್ಯಾರೆ, ಇದು ಬ್ಯಾರೆ ರೀ ಮೇಡಂ. ಅವನ ಸಲುವಾಗಿ ಅತ್ತು ಮುಗದೈತಿ."

ಮೂರನೇ ಭೇಟಿಯಲ್ಲಿ ಬಾಯಿಬಿಟ್ಟರು. ಹರಕೆ ಹೊರುವವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ತಾತ್ಸಾರ; ದೇವರ ಜೊತೆ ವ್ಯಾಪಾರ ಮಾಡಬೇಡಿ ಎಂದು ಮಕ್ಕಳಿಗೆ ಹೇಳಿ ಬೆಳೆಸಿದವರು. ತಮ್ಮ ಆಕ್ಸಿಜನ್ ಮೇಲಿದ್ದ ಒಂಬತ್ತು ದಿನ ಮಾತ್ರ ಲಿಂಗದ ಮುಂದೆ ತಾವೇ ಚೌಕಾಸಿಗೆ ಕೂತರು: ಅವನನ್ನು ಉಳಿಸು, ಬೇಕಾದರೆ ಅಂಗಡಿ ತಗೋ. "ಅಂವ ಕೊಡಲಿಲ್ಲ ಅಂತಲ್ರಿ. ನಾ ಬೇಡಿದೆ. ನಲವತ್ತು ವರ್ಷ ಮಾಡಿದ್ದು ಪೂಜಿ ಅಲ್ಲ, ಅಡ್ವಾನ್ಸ್ ಕಟ್ಟಿದ್ದು ಅನಿಸ್ತು."

ಅಂದರೆ ಒಡೆದಿದ್ದು ದೇವರ ಮೇಲಿನ ನಂಬಿಕೆಗಿಂತ ಹೆಚ್ಚಾಗಿ ತಮ್ಮದೇ ಭಕ್ತಿಯ ಮೇಲಿನ ನಂಬಿಕೆ. ಇದು ನನಗೆ ಹೊಳೆಯಲು ಮೂರು ವಾರ ಬೇಕಾಯಿತು.

ಹಸಿವು, ಬೇಸರ, ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿದೆ. ಊಟ, ವ್ಯಾಪಾರ ಎಂದಿನಂತಿತ್ತು, ಅಂಥ ಯೋಚನೆ ಇರಲಿಲ್ಲ. ಇದ್ದಿದ್ದರೆ ಅಂದೇ ಮನೋವೈದ್ಯರಲ್ಲಿಗೆ ಕಳಿಸುತ್ತಿದ್ದೆ. (ಅಂಥ ಯೋಚನೆ ಬಂದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.)

ನಾನು ಹೇಳಿದ್ದಿಷ್ಟು. ಲಿಂಗ ಸದ್ಯ ತಿಜೋರಿಯಲ್ಲೇ ಇರಲಿ, ಕಟ್ಟಿಕೊಳ್ಳುವುದೋ ಬಿಡುವುದೋ ಈಗಲೇ ತೀರ್ಮಾನಿಸಬೇಡಿ. ಒಡಹುಟ್ಟಿದವನ ಉಸಿರು ಹೋಗುತ್ತಿರುವಾಗ ಬೇಡಿದ್ದಕ್ಕೆ ಹಿಂದಿನ ನಲವತ್ತು ವರ್ಷ ಸುಳ್ಳಾಗಬೇಕಿಲ್ಲ. ಅವ್ವನಿಗೆ ಹೇಳಲೇಬೇಕೆಂದಿಲ್ಲ, ಆದರೆ ಹೆಂಡತಿಗೆ ಹೇಳಿ. ಬಾಗಿಲು ಮುಚ್ಚಿ ಕೂರುವ ಬದಲು ನಸುಕಿನಲ್ಲಿ ನಡೆಯಲು ಹೋಗಿ. ಕೊನೆಯದನ್ನು ಅವರು ಒಪ್ಪಲಿಲ್ಲ; ಓಣಿಯಲ್ಲಿ ನಾಯಿ ಕಾಟವಂತೆ.

ಹೆಂಡತಿಗೆ ಹೇಳಿದರು. ಆಕೆಗೆ ಎಂದೋ ಗೊತ್ತಾಗಿತ್ತು. "ಪೂಜಿಗೆ ಇಟ್ಟ ತಂಬಿಗಿ ನೀರು ತುಂಬಿದ್ದು ತುಂಬಿದಂಗ ಇರ್ತಿತ್ತಲ್ಲ," ಅಂದರಂತೆ.