ಎಐ ಇರುವ ಕಡೆಯೇ ಕೊಲೊನೋಸ್ಕೋಪಿ ಮಾಡಿಸಬೇಕೇ?

ನಿಮ್ಮ 58 ವರ್ಷದ ತಂದೆಗೆ ಮಂಗಳೂರಿನಲ್ಲಿ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಆಗಬೇಕಿದೆ, ಪಾಲಿಪ್‌ಗಳನ್ನು, ಅಂದರೆ ಕರುಳಿನ ಗೋಡೆಯ ಗುಳ್ಳೆಗಳನ್ನು, ಕಂಪ್ಯೂಟರೇ ಎಐ ಮೂಲಕ ತೋರಿಸಿಕೊಡುವ ಆಸ್ಪತ್ರೆ ಹುಡುಕಬೇಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಬದಿಯಡ್ಕ ಕಡೆಯ ಅಡಿಕೆ ಕೃಷಿಕ. ಕಳೆದ ವರ್ಷ ಅಂಥದ್ದೇ ಪರೀಕ್ಷೆ ಮಾಡಿಸಿಕೊಂಡು ಬಂದವನು. ಸಿಕ್ಕರೆ ಒಳ್ಳೆಯದು, ಅದಕ್ಕೆಂದೇ ಅಲೆಯಬೇಡಿ.

ಮಂಪರಿನ ಮದ್ದು ಬೇಡವೆಂದಿದ್ದರಿಂದ ಪರದೆ ನನಗೂ ಕಾಣುತ್ತಿತ್ತು. ಕ್ಯಾಮೆರಾವನ್ನು ಹಿಂದಕ್ಕೆ ಎಳೆಯುತ್ತಾ ಬರುವಾಗ 'ಇಲ್ಲಿ ನೋಡಿ' ಎಂದು ಕಂಪ್ಯೂಟರ್ ತೋರಿಸುವ ಹಸಿರು ಚೌಕವೊಂದು ಮೂಡಿತು. ವೈದ್ಯರು ನೀರು ಚಿಮ್ಮಿಸಿದರು, ಬರೀ ನೊರೆ. ಮತ್ತೆ ಮೂಡಿತು, ಮಲದ ಚೂರು. ಮೂರನೆಯ ಸಲ ಮಡಿಕೆಯ ಅಂಚಿನಲ್ಲಿ, ಕರುಳಿನ ಬಣ್ಣದ್ದೇ ಒಂದು ಗುಳ್ಳೆ, 4 ಮಿಲಿಮೀಟರ್. ತಂತಿಯ ಕುಣಿಕೆ ಹಾಕಿ ಅಲ್ಲೇ ತೆಗೆದರು, ನೋವು ಗೊತ್ತಾಗಲಿಲ್ಲ. ಬಯಾಪ್ಸಿಯಲ್ಲಿ ಅಡಿನೋಮಾ ಎಂದು ಬಂತು: ಕ್ಯಾನ್ಸರ್ ಅಲ್ಲ, ಬಿಟ್ಟರೆ ವರ್ಷಗಳು ಕಳೆದ ಮೇಲೆ ಆಗಲೂಬಹುದಾದದ್ದು.

ಅಂಗಳದಲ್ಲಿ ಅಡಿಕೆ ರಾಶಿಯಿಂದ ಪಟೋರ, ಕರಿಗೋಟು ಎಂಬ ಕೀಳು ದರ್ಜೆಯವನ್ನು ಹೆಕ್ಕುವಾಗ ಪಕ್ಕದಲ್ಲಿ ಕಣ್ಣು ಚುರುಕಾದ ಹುಡುಗ ಕುಳಿತು 'ಅದು, ಇದು' ಎಂದು ಬೆರಳು ತೋರಿಸುತ್ತಾನಲ್ಲ, ಈ ಯಂತ್ರದ ಕೆಲಸವೂ ಅಷ್ಟೇ. ರಾಶಿಯ ಅಡಿಯಲ್ಲಿ ಇರುವುದು ಅವನಿಗೂ ಕಾಣದು. ಮಡಿಕೆಯ ಹಿಂದಕ್ಕೆ ಕ್ಯಾಮೆರಾ ತಿರುಗಿಸಬೇಕಾದವರು ವೈದ್ಯರೇ.

ಹಾಗೆಂದು ಲಾಭವಿಲ್ಲ ಎಂದಲ್ಲ. 2020ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ ಎಐ ನೆರವಿದ್ದಾಗ 54.8 ಶೇಕಡಾ ಜನರಲ್ಲಿ ಅಡಿನೋಮಾ ಸಿಕ್ಕಿತು, ಇಲ್ಲದಾಗ 40.4. ಆದರೆ ಹೆಚ್ಚಾಗಿ ಸಿಕ್ಕಿದ್ದು ಸಣ್ಣವು. 10 ಮಿಲಿಮೀಟರ್ ದಾಟಿದವುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ತಮಾಷೆ ನೋಡಿ: 2025ರ ಪೋಲೆಂಡಿನ ಅಧ್ಯಯನದಲ್ಲಿ, ಎಐ ಬಂದ ಮೇಲೆ ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ವೈದ್ಯರು ಅಡಿನೋಮಾ ಪತ್ತೆ ಮಾಡುವ ಪ್ರಮಾಣ 28.4ರಿಂದ 22.4 ಶೇಕಡಾಕ್ಕೆ ಇಳಿದಿತ್ತು. ಆದ್ದರಿಂದ ಯಂತ್ರಕ್ಕಿಂತ ಮೊದಲು ವೈದ್ಯರನ್ನು ವಿಚಾರಿಸಿ. ಕ್ಯಾಮೆರಾ ಹೊರತೆಗೆಯುವಾಗ ಕನಿಷ್ಠ 6 ನಿಮಿಷವಾದರೂ ನಿಧಾನವಾಗಿ ನೋಡುವವರೇ ಎಂಬುದು ಮುಖ್ಯ.

ಅದಕ್ಕೂ ಮೊದಲು ಹೊಟ್ಟೆ ಖಾಲಿಯಾಗಬೇಕು. ಪರದೆಯಲ್ಲಿ ಕಂಡ ಆ ಚೂರಿಗೆ ಹೊಣೆ ನಾನೇ. ಭೇದಿಯ ಮದ್ದನ್ನು ರಾತ್ರಿ ಅರ್ಧ, ಬೆಳಗಿನ ಜಾವ ಅರ್ಧ ಕುಡಿಯಲು ಹೇಳಿದ್ದರು. ದಾರಿಯಲ್ಲಿ ಫಜೀತಿಯಾದೀತೆಂದು ಬೆಳಗಿನದ್ದರಲ್ಲಿ ಎರಡು ಲೋಟ ಉಳಿಸಿ ಬಸ್ಸು ಹತ್ತಿದೆ. ಆದರೂ ಉಪ್ಪಳದಲ್ಲಿ ಇಳಿದು ಹೋಟೆಲೊಂದರ ಹಿಂಬದಿಗೆ ಓಡಬೇಕಾಯಿತು. ನಿಮ್ಮ ತಂದೆಯನ್ನು ಹಿಂದಿನ ದಿನವೇ ಮಂಗಳೂರಿಗೆ ಕರೆದುಕೊಂಡು ಹೋಗಿ, ಶೌಚಾಲಯ ಕೋಣೆಯೊಳಗೇ ಇರುವ ಲಾಡ್ಜ್ ಹಿಡಿಯಿರಿ.