ಮಂಡಿ ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಿ ಇಳಿಯುವಾಗ ಯಾವ ಕಾಲು ಮೊದಲು ಇಡಬೇಕು?

ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಹತ್ತಲಿ, ಇಳಿಯಲಿ, ಮೇಲಿನ ಮೆಟ್ಟಿಲಲ್ಲಿರುವ ಕಾಲೇ ಮಡಚಿಕೊಂಡು ಮೈಭಾರ ಹೊರುತ್ತದೆ. ಆ ಕೆಲಸ ತೊಡೆಯ ಮುಂಭಾಗದ ಸ್ನಾಯುವಿನದು; ಆಪರೇಷನ್ ಆದ ಕಾಲಲ್ಲಿ ಅದು ಸೋತಿರುತ್ತದೆ. ಎರಡೂ ಪಾದ ಒಂದೇ ಮೆಟ್ಟಿಲಿಗೆ ಬಂದಮೇಲೆ ಮುಂದಿನದು. ಒಂದು ಕೈ ಕಂಬಿ ಮೇಲೆ, ಇನ್ನೊಂದರಲ್ಲಿ ಕೋಲು. ಕೋಲು ಆಪರೇಷನ್ ಆದ ಕಾಲಿನ ಜೊತೆಗೇ ಹೋಗಲಿ.

ನಮ್ಮ ಬೆಂಗಳೂರಿನ ಬಾಡಿಗೆ ಮನೆಗಳ ಹೊರಮೆಟ್ಟಿಲು ಗೊತ್ತಲ್ವಾ? ಕಿರಿದು, ನುಣುಪು ಗ್ರಾನೈಟು, ಕಂಬಿ ಒಂದೇ ಕಡೆ. ಬೆಳಿಗ್ಗೆ ತೊಳೆದು ಇನ್ನೂ ಒಣಗಿಲ್ಲದಿದ್ದರೆ ಇಳಿಯಲೇಬೇಡಿ. ಜೊತೆಗಿರುವವರು ಯಾವಾಗಲೂ ನಿಮಗಿಂತ ಒಂದು ಮೆಟ್ಟಿಲು ಕೆಳಗಿರಲಿ. ಮೇಲಿಂದ ಕೈ ಹಿಡಿದು ಎಳೆದರೆ ಸುಮ್ನೆ ತೋಲ ತಪ್ಪುತ್ತದೆ. ಮೊದಲ ಸಲವಂತೂ ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಿ.