ಕರ್ಣನಿಗೆ ಮಾಲೀಕರಿಲ್ಲ

ಶಿರಸಿಯ ಓದುಗರೊಬ್ಬರ ಪತ್ರ: "ರಜೆಯಲ್ಲಿ ಮಕ್ಕಳನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಎಲ್ಲಿ ನೋಡಿದರೂ ಸಿನಿಮಾ, ಕಾರ್ಟೂನ್ ಪಾತ್ರಗಳೇ. ಪಾರ್ಕಿನವರಿಗೆ ಸ್ವಂತ ಕಲ್ಪನೆಯೇ ಇಲ್ವಾ?"

ನಿಮ್ಮ ಬೇಸರ ನನ್ನದೂ ಹೌದು. ಆದರೆ ಅವರ ಕಷ್ಟವನ್ನೂ ನೋಡಬೇಕು. ಒಂದು ರೈಡ್ ಕೆಲವೇ ನಿಮಿಷದ್ದು. ಅಷ್ಟರಲ್ಲಿ ಹೊಸ ಕಥೆ ಹೇಳಿ ಮುಗಿಸುವುದು ಸುಲಭವಲ್ಲ. ಗೊತ್ತಿರುವ ಪಾತ್ರವಾದರೆ ಅರ್ಧ ಕಥೆ ಜನರ ತಲೆಯಲ್ಲಿ ಮೊದಲೇ ಇರುತ್ತದೆ. 2010ರಲ್ಲಿ ಅಮೆರಿಕದ ಒರ್ಲಾಂಡೊದ ಯೂನಿವರ್ಸಲ್ ಪಾರ್ಕಿನಲ್ಲಿ ಹ್ಯಾರಿ ಪಾಟರ್ ಲೋಕ ತೆರೆದಾಗ ಜನ ಮುಗಿಬಿದ್ದದ್ದು ಇದಕ್ಕೇ.

ನಮ್ಮ ಯಕ್ಷಗಾನವೂ ಹಾಗೇ ಅಲ್ವಾ? ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೂ ರಾತ್ರಿಯಿಡೀ ಕೂರುತ್ತೇವೆ. ಗೊತ್ತಿರುವ ಕಥೆ ತಪ್ಪಲ್ಲ. ಆದರೆ ಕರ್ಣನಿಗೆ ಮಾಲೀಕರಿಲ್ಲ. ವೇಷಧಾರಿ ಅವನ ಬಾಯಲ್ಲಿ ಹೊಸ ಮಾತು ಆಡಿಸಬಹುದು. ಸಿನಿಮಾ ಪಾತ್ರವನ್ನು ಹೊರಗಿನವರು ಬಳಸಬೇಕೆಂದರೆ ಹಣ ಕೊಟ್ಟು ಲೈಸೆನ್ಸ್ ಪಡೆಯಬೇಕು. ಪಾತ್ರ ಹೇಗೆ ಕಾಣಬೇಕು ಅನ್ನುವುದಕ್ಕೂ ಹಕ್ಕುದಾರರ ಒಪ್ಪಿಗೆ ಬೇಕು.

ಸ್ವಂತ ಕಲ್ಪನೆಗೂ ಜನ ಬರುತ್ತಾರೆ. ಡಿಸ್ನಿಲ್ಯಾಂಡಿನ ಕಡಲ್ಗಳ್ಳರ ರೈಡ್ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಶುರುವಾದದ್ದು 1967ರಲ್ಲಿ. ಅದರಿಂದ ಸಿನಿಮಾ ಹುಟ್ಟಿದ್ದು 2003ರಲ್ಲಿ! 2006ರಲ್ಲಿ ಸಿನಿಮಾದ ಜಾಕ್ ಸ್ಪ್ಯಾರೋನನ್ನು ರೈಡಿನೊಳಗೂ ತಂದರು. ಅದಕ್ಕೆ ನನ್ನ ತಕರಾರಿಲ್ಲ, ಹಳೆಯ ರೈಡ್ ಬಹುಪಾಲು ಹಾಗೇ ಉಳಿದಿದೆ. ಎಪ್‌ಕಾಟ್ ಎಂಬ ಡಿಸ್ನಿಯ ಇನ್ನೊಂದು ಪಾರ್ಕಿನ ಕಥೆ ಬೇರೆ. ಅಲ್ಲಿ ನಾರ್ವೆ ದೇಶವನ್ನು ಪರಿಚಯಿಸಲೆಂದೇ ಒಂದು ಜಾಗ ಕಟ್ಟಿದ್ದರು. ಅಲ್ಲಿನ ದೋಣಿ ರೈಡನ್ನು 2014ರಲ್ಲಿ ಮುಚ್ಚಿ, 2016ರಲ್ಲಿ ಅದೇ ನೀರಿನ ಹಾದಿಯಲ್ಲಿ 'ಫ್ರೋಜನ್' ಸಿನಿಮಾದ ರೈಡ್ ತೆರೆದರು. ನಿಜವಾದ ದೇಶದ ಜಾಗಕ್ಕೆ ಇಲ್ಲದ ರಾಜ್ಯ ಬಂತು. ಇದು ನನಗೆ ಸರಿ ಕಾಣುವುದಿಲ್ಲ.

ನೆದರ್‌ಲ್ಯಾಂಡ್ಸ್‌ನ ಎಫ್ಟೆಲಿಂಗ್ ಪಾರ್ಕ್ ನೋಡಿ. 1952ರಿಂದ ಜಾನಪದ ಕಥೆಗಳನ್ನೇ ನಂಬಿಕೊಂಡು ಬಂದಿದೆ. 2017ರಲ್ಲಿ ತೆರೆದ ದೊಡ್ಡ ರೈಡ್ 'ಸಿಂಬೋಲಿಕಾ' ಕೂಡ ಪಾರ್ಕಿನ ಸ್ವಂತ ಕಲ್ಪನೆಯೇ.

ಕಾರವಾರದ ಕಡಲತೀರದಲ್ಲಿ ರಾಕ್ ಗಾರ್ಡನ್ ಇದೆ, ಚಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ. ಎರಡಕ್ಕೂ ಸಿನಿಮಾ ಹೀರೊ ಬೇಕಾಗಲಿಲ್ಲ. ನಾಳೆ ಯಾರಾದರೂ ಇಲ್ಲಿ ಪಾರ್ಕ್ ಕಟ್ಟಿದರೆ ಬಾಗಿಲಲ್ಲಿ ಕಾರ್ಟೂನ್ ಗೊಂಬೆ ನಿಲ್ಲಿಸಲಿ, ಮಕ್ಕಳು ಫೋಟೊ ತೆಗೆಸಿಕೊಳ್ಳಲಿ. ಒಳಗಿನ ದೊಡ್ಡ ರೈಡ್ ಮಾತ್ರ ಕಾಳಿ ನದಿಯದೋ ಯಾಣದ ಬಂಡೆಗಳದೋ ಆಗಬೇಕು. ಅದಕ್ಕೆ ಯಕ್ಷಗಾನದ ವೇಷ ಕಟ್ಟುವವರನ್ನೂ ಹಾಲಕ್ಕಿ ಹಾಡು ಬಲ್ಲವರನ್ನೂ ನಕ್ಷೆ ಬರೆಯುವಾಗಲೇ ಕರೆಯಬೇಕು. ಉದ್ಘಾಟನೆಯ ದಿನ ಸುಮ್ನೆ ಕುಣಿಸಿ ಕಳಿಸುವುದಕ್ಕಲ್ಲ.

- ಸಂ.